ಉಯಿಲಿಗೊಂದು ಷರತ್ತು

ಸಿಂಗಟಗೆರೆ,
ತಾರೀಖು ೧೪-೨-೧೯೧೯

ಮಗಳೇ ಕಲ್ಲಮ್ಮಾ, ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ.

ಲಿಂಗದಹಳ್ಳಿಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕು ಎಂದರೆ ತಿಕ್ಕುವವಳಲ್ಲ ನೀನು, ಗೊತ್ತು. ನಾನು ಉಣ್ಣುತ್ತೇನೆ, ಮಲಗುತ್ತೇನೆ. ನಿನ್ನ ತಮ್ಮ ಷಣ್ಮುಖಪ್ಪ ಆ ಜ್ವರದಲ್ಲಿ ಹೋಗಿ ನಾಲ್ಕು ತಿಂಗಳಾಯಿತು. ನನಗೆ ಇನ್ನೂ ಅಳು ಬಂದಿಲ್ಲ. ಬರುತ್ತದೆಂದು ಕಾಯುವುದನ್ನೂ ಬಿಟ್ಟಿದ್ದೇನೆ. ಕಣ್ಣಿಗೆ ಪೊರೆ ಬಂದಿರುವುದರಿಂದ ಈ ಕಾಗದವನ್ನು ಅವನ ಹೆಂಡತಿ ಹಾಲಮ್ಮನ ಕೈಲಿ ಬರೆಸುತ್ತಿದ್ದೇನೆ. ಅವಳಿಗೆ ಅಕ್ಷರ ಕಲಿಸಿದವನು ಅವನೇ ತಾನೆ. ಮಾವನ ಎದುರು ಸೊಸೆ ಕೂರುವ ಪದ್ಧತಿ ಈ ಮನೆಯಲ್ಲಿಲ್ಲ, ಬಾಗಿಲ ಹಿಂದೆ ಕೂತು ಬರೆಯುತ್ತಿದ್ದಾಳೆ. ಅವಳ ವಿಷಯವೂ ಬರುವುದರಿಂದ, ನಾನು ಹೇಳಿದ್ದರಲ್ಲಿ ಒಂದಕ್ಷರ ಬದಲಿಸಬಾರದೆಂದು ಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ದೇನೆ.

ಹೋದ ಸೋಮವಾರ ಉಯಿಲು ಬರೆಸಲು ಕಡೂರಿಗೆ ಹೋಗಿದ್ದೆ. ಕಚೇರಿ ಜಗಲಿಯಲ್ಲಿ ಪತ್ರ ಬರೆಯುವ ರಾಯರು ಲೇಖನಿ ಅದ್ದಿ, “ವಾರಸುದಾರರು ಯಾರು?” ಎಂದರು. “ಮಗ ಷಣ್ಮುಖಪ್ಪ” ಎಂದೆ. ಎಷ್ಟೋ ವರ್ಷದಿಂದ ನಾಲಿಗೆಗೆ ಅದೇ ರೂಢಿ. ಅವರು ಪೂರ್ತಿ ಬರೆದು ಓದಿ ಹೇಳಿದರೂ ನನಗೆ ಹೊಳೆಯಲಿಲ್ಲ. ಗಾಡಿ ಹೊಡೆಯುವ ಬೀರಪ್ಪ ಮೆಲ್ಲಗೆ, “ಗೌಡ್ರೇ, ಅವ್ನಿಲ್ವಲ್ಲ” ಎಂದ. ರಾಯರು ಹಾಳೆ ಹರಿದರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದೆ, ಹಚ್ಚಿದೆ. “ಯಾರಿಗೆ ಏನು, ಮುಂದೆ ನಿಂತು ನಡೆಸೋರು ಯಾರು, ಸೊಸೆ ಇನ್ನೊಬ್ಬರನ್ನ ಕಟ್ಕೊಂಡು ಉಡಿಕೆಯಾಗಿ ಬೇರೆ ಮನೆಗೆ ಹೋದ್ರೆ ಹೆಂಗೆ, ಎಲ್ಲಾ ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ” ಎಂದು ರಾಯರು ಕಳಿಸಿಬಿಟ್ಟರು.

ಮನೆಯಲ್ಲಿ ಯಾರ ಜೊತೆ ತೀರ್ಮಾನ ಮಾಡಲಿ? ಒಬ್ಬನೇ ಮಾಡಿದ್ದೇನೆ. ಹೊಲ ನಿನಗೆ. ನಡೆಸುವ ಹೊಣೆ ಅಳಿಯಂದಿರಿಗೆ. ಮನೆ ಹಾಲಮ್ಮನಿಗೆ. ತೆಂಗಿನ ತೋಟದಲ್ಲಿ ನಿಮ್ಮಮ್ಮನ ಪಕ್ಕ ನಿನ್ನ ತಮ್ಮನ ಸಮಾಧಿ ಇದೆ, ನನ್ನ ಜಾಗವೂ ಅಲ್ಲೇ. ಅಲ್ಲಿ ದೀಪ ಹಚ್ಚುವವಳು ಹಾಲಮ್ಮ, ಆದ್ದರಿಂದ ತೋಟವೂ ಅವಳಿಗೆ. ಅವಳು ಉಡಿಕೆಯಾಗಿ ಹೋದರೆ ಎರಡೂ ನಿನಗೇ ಸೇರಬೇಕೆಂದು ಷರತ್ತು ಹಾಕಿಸು ಎಂದು ಬರೆದಿದ್ದೆಯಲ್ಲ, ಅದನ್ನು ನನಗೆ ಓದಿ ಹೇಳಿದವಳೂ ಅವಳೇ. ಪಾಪ, ತಡವರಿಸದೆ ಓದಿದಳು. ಚೌಳಹಿರಿಯೂರಿನ ಒಬ್ಬರು, ಅದೇ ಜ್ವರದಲ್ಲಿ ಹೆಂಡತಿಯನ್ನು ಕಳೆದುಕೊಂಡವರು, ಅವಳನ್ನು ಉಡಿಕೆಗೆ ಕೇಳಿ ಹೇಳಿಕಳಿಸಿದ್ದರು. ನಾನೇನು ಅಡ್ಡ ನಿಲ್ಲುವವನಲ್ಲ. “ಏನವ್ವಾ, ಹೋಗ್ತೀಯಾ?” ಎಂದು ಕೇಳಿದೆ. ಬಾಗಿಲ ಹಿಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಒಲ್ಲಳೆಂದು ತಿಳಿದು, ಬೇಡವೆಂದು ಹೇಳಿಕಳಿಸಿದೆ. ಹೋಗದವಳಿಗೆ ಷರತ್ತು ಹಾಕಿದರೇನು, ಬಿಟ್ಟರೇನು? ನಿನ್ನ ಸಮಾಧಾನಕ್ಕೆ ಹಾಕಿಸುತ್ತೇನೆ. ಶಿವರಾತ್ರಿ ಕಳೆದ ಸೋಮವಾರ ಕಡೂರಿಗೆ ಹೋಗಿ ಮುಗಿಸಿಬಿಡುತ್ತೇನೆ.

ಬೀಗರನ್ನು ಕೇಳಿದೆನೆಂದು ಹೇಳು. ಎಣ್ಣೆ ತಿಕ್ಕಿಕೋ.

ನಿನ್ನ ಅಪ್ಪ,
ದೇವೀರಪ್ಪ

ಅಕ್ಕಾ, ಇನ್ನು ಇದು ನಾನು, ಹಾಲಮ್ಮ. ಮಾವ ಕೊಟ್ಟಿಗೆಗೆ ಹೋಗಿದ್ದಾರೆ, ಅಂಚೆಯವನು ಬರುವ ಹೊತ್ತಾಯಿತು. ಆಣೆಯಂತೆ ಮೇಲೆ ಒಂದಕ್ಷರವನ್ನೂ ಬದಲಿಸಿಲ್ಲ. ಆದರೆ ನಾನು ಒಲ್ಲೆ ಅಂದಿಲ್ಲ. ಆರು ವರ್ಷದಿಂದ ಮಾವನಿಗೆ ಎದುರು ಮಾತಾಡಿದವಳಲ್ಲ, ಹೂಂ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ನನಗೆ ಹೋಗಬೇಕು ಅಕ್ಕಾ. ನಿಮ್ಮ ತಮ್ಮ ಕಲಿಸಿದ ಅಕ್ಷರದಲ್ಲೇ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಮನೆ, ತೋಟ ನಿಮಗೇ ಇರಲಿ. ಮಾವನನ್ನು ಮಾತ್ರ ನೀವು ಕರೆದುಕೊಂಡು ಹೋಗಬೇಕು. ಅವರಿಗೆ ಮುದ್ದೆ ಮೆತ್ತಗಿರಬೇಕು. ಹಬ್ಬದ ನೆಪದಲ್ಲಿ ತರೀಕೆರೆಯಲ್ಲಿ ರೈಲು ಹತ್ತಿ ಬನ್ನಿ. ಈ ಸಾಲುಗಳನ್ನು ಅವರಿಗೆ ಓದಿ ಹೇಳಿ. ನಾನು ಬಾಗಿಲ ಹಿಂದೆಯೇ ಇರುತ್ತೇನೆ. ಅವರು ಇನ್ನೊಂದು ಸಲ ಕೇಳಿದರೆ ಹೂಂ ಅನ್ನುತ್ತೇನೆ.