ಇಳಿ ಅಣ್ಣಾ ಅಂತ ಹೇಳಲಿಲ್ಲ

ತುಗೇಲಾ ಸೇತುವೆ ಪಕ್ಕ, ಅಂಗಡಿ ಕಟ್ಟೆ
ಶನಿವಾರ, ಮಧ್ಯಾಹ್ನ ಹನ್ನೆರಡೂವರೆ

…ಎರಡು ವ್ಯಾನ್ ಟ್ಯಾಕ್ಸಿ ಹೋದವು, ಎರಡೂ ಭರ್ತಿ. ಕೈ ಬೀಸಿ ಬೀಸಿ ರಟ್ಟೆ ಬಿದ್ದುಹೋಯ್ತು. ಲೇಡಿಸ್ಮಿತ್‌ಗೆ ಅಂದ್ರೆ ಒಬ್ಬನೂ ನಿಲ್ಲಿಸ್ತಿಲ್ಲ, ಬಿಸಿಲು ಬೇರೆ ನೆತ್ತಿ ಸುಡ್ತಿದೆ. ಪ್ರೀತಿಯ ಅಜ್ಜೀ, ನಾನು ಲ್ವಾಜಿ. ಮಂಡಿ ನೋವು ಹೇಗಿದೆ? ಬೆಳಗಿನ ಮಾತ್ರೆ ನುಂಗಿದ್ಯಾ? ಬಾಗಿಲಲ್ಲಿ ನಿಂತು ಕಾಯಬೇಡ, ಕೂತ್ಕೋ. ಕೂತ್ಕೊಂಡೇ ಕೇಳು.

ಈ ವಾಯ್ಸ್ ಮೆಸೇಜಲ್ಲಿ ನನ್ನ ದನಿ ಕೇಳಿದ ಕೂಡಲೇ ನಿನ್ನ ಎದೆ ಧಸಕ್ ಅಂದಿರತ್ತೆ. ಇವತ್ತು ನಿನಗೆ ನನ್ನ ದನಿ ಕೇಳಿಸಲೇಬಾರದಿತ್ತು. ಸತ್ತವನ ಜೀವ ಕರ್ಕೊಂಡು ಬರೋ ಕೊಂಬೆ ಹಿಡಿದವನು ಮನೆ ಮುಟ್ಟೋ ತನಕ ಸತ್ತವನ ಜೊತೆ ಬಿಟ್ಟು ಇನ್ಯಾರ ಜೊತೆನೂ ಮಾತಾಡಬಾರದು ಅಂತ ನೀನೇ ಹೇಳಿದ್ದೆ. ಈಗ ಮಾತಾಡ್ತಿದ್ದೀನಿ. ಯಾಕಂದ್ರೆ ಕೊಂಬೆ ಕೈಯಲ್ಲಿದೆ, ಖೇತಾ ಅಣ್ಣ ಅದರಲ್ಲಿಲ್ಲ.

ಶುರುವಿಂದ ಹೇಳ್ತೀನಿ. ನೀನು ಕಳಿಸಿದ ಕಾಡುಬೋರೆ ಕೊಂಬೆ ಹಿಡ್ಕೊಂಡು ಬೆಳಗಾಗೋ ಮುಂಚೆನೇ ಜೋಹಾನ್ಸ್‌ಬರ್ಗಲ್ಲಿ ಅವನು ಬಿದ್ದ ಕಟ್ಟಡದ ಹತ್ರ ಹೋದೆ. ಸಾರುವೆ ಇನ್ನೂ ಹಾಗೇ ಕಟ್ಟಿದ್ದಾರೆ. ಐದು ವಾರದ ಹಿಂದೆ ಹೆಣದ ಪೆಟ್ಟಿಗೆ ಬಂತು, ಅವನು ಬರಲಿಲ್ಲ ಅಂತ ನೀನು ಅತ್ತಿದ್ದೆಯಲ್ಲ, ಒಂಟಿ ಅಂಗಿಯಲ್ಲಿ ಚಳಿಗೆ ನಡುಗ್ತಾ ಮೇಲೆ ನಿಂತಿರ್ತಾನೆ, ಕನಸಲ್ಲಿ ದಿನಾ ಬರ್ತಾನೆ ಅಂತ. ನಾನು ಆ ಸಾರುವೆ ಕೆಳಗೇ ನಿಂತ್ಕೊಂಡು ಕುಲದ ಹೆಸರು ಹಿಡಿದು ಕರೆದೆ. "ಅಣ್ಣಾ, ನಾನು ಲ್ವಾಜಿ. ಇಲ್ಲಿ ಕೆಲಸ ಮುಗೀತು. ಅಜ್ಜಿ ಕರೀತಿದ್ದಾಳೆ, ಮನೆಗೆ ಹೋಗೋಣ ಬಾ." ಗೇಟಿನ ಕಾವಲುಗಾರ ಟೋಪಿ ತೆಗೆದು ತಲೆ ಬಗ್ಗಿಸಿದ. ನನ್ನ ದನಿ ಆಗ ಗಟ್ಟಿಯಾಗಿತ್ತು ಅಜ್ಜೀ, ಆಣೆಗೂ.

ಟ್ಯಾಕ್ಸಿಯಲ್ಲಿ ಎರಡು ಸೀಟು ಹಿಡಿದೆ, ನನಗೊಂದು, ಅವನಿಗೊಂದು. ಒಬ್ಬ ಹೆಂಗಸು ಬುಟ್ಟಿ ಇಡೋಕೆ ಬಂದ್ರೆ ಡ್ರೈವರ್ ಗದರಿದ, "ಏಯ್ ತಾಯಿ, ಅಲ್ಲಿ ಯಜಮಾನ್ರು ಕೂತಿದ್ದಾರೆ, ಕಾಣಲ್ವಾ? ಬುಟ್ಟಿ ನಿನ್ನ ತೊಡೆ ಮೇಲಿಟ್ಕೋ!" ಆಯಮ್ಮ ಖಾಲಿ ಸೀಟಿಗೆ ಕೈಮುಗಿದು ಹಿಂದೆ ಹೋದಳು. ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಹತ್ತೋವಾಗ ಹತ್ತು ಅನ್ನು, ಇಳಿಯೋವಾಗ ಇಳಿ ಅನ್ನು, ನೀರು ದಾಟೋವಾಗ ನೀರು ಅನ್ನು, ಅವನಿಗೀಗ ಕಣ್ಣಿಲ್ಲ, ನಿನ್ನ ಬಾಯೇ ಅವನ ದಾರಿ ಅಂದಿದ್ದೆ. ವಾಲ್ ನದಿ ಬಂತು, ಹೇಳಿದೆ. ಘಾಟಿ ಇಳಿದ್ವಿ, ಹೇಳಿದೆ.

ದಾರಿ ಮಧ್ಯ ಮೂರು ಜನ ಕಾಲೇಜು ಹುಡುಗೀರು ಹತ್ತಿದ್ರು. ಒಬ್ಬಳು ಪಿಸಿಪಿಸಿ ಅಂತ, "ಯಾರ್ ಜೊತೆ ಮಾತಾಡ್ತಿದ್ದಾನೆ ಕಣೇ, ಗಿಡದ ಜೊತೆನಾ?" ಇನ್ನೊಬ್ಬಳು, "ಪಾಪ, ಅದಕ್ಕೆ ಬಾಯಾರಿದೆ, ನೀರು ಹಾಕಣ್ಣಾ!" ಅಂದಳು. ಮೂವರೂ ಕಿಸಕ್ಕನೆ ನಕ್ಕರು. ಒಬ್ಬಳು ಫೋನ್ ಎತ್ತಿ ವಿಡಿಯೋ ಮಾಡ್ತಿದ್ದಳು. ನನಗೆ ಕಿವಿಯೆಲ್ಲಾ ಬಿಸಿ ಆಯ್ತು. ಲೇಡಿಸ್ಮಿತ್ ಸ್ಟ್ಯಾಂಡಲ್ಲಿ ಟ್ಯಾಕ್ಸಿ ಬದಲಾಯಿಸಬೇಕಿತ್ತಲ್ಲ, ಕೊಂಬೆನ ಜಾಕೆಟ್ ಒಳಗೆ ತುರುಕ್ಕೊಂಡು ತಲೆ ಬಗ್ಗಿಸಿ ಇಳಿದುಬಿಟ್ಟೆ. ಬಾಯಿ ಬಿಡಲಿಲ್ಲ. ಇನ್ನೊಂದು ಟ್ಯಾಕ್ಸಿ ಹತ್ತೋವಾಗ್ಲೂ ಬಿಡಲಿಲ್ಲ. ಮನಸ್ಸಲ್ಲೇ ಹೇಳ್ಕೊಂಡೆ. ಪಕ್ಕದ ಸೀಟಲ್ಲಿ ಯಾರೋ ಎಲೆಕೋಸಿನ ಮೂಟೆ ಇಟ್ರು, ಇಡಲಿ ಅಂತ ಸುಮ್ಮನಿದ್ದೆ.

ಆಮೇಲೆ ತುಗೇಲಾ ಸೇತುವೆ ಬಂತು. "ಅಣ್ಣಾ, ನಮ್ಮ ಹೊಳೆ ಬಂತು" ಅಂತ ಹೇಳೋಕೆ ಬಾಯಿ ತೆಗೆದೆ. ಯಾರಿಗೆ ಹೇಳ್ತಿದ್ದೀನಿ? ಇಳಿ ಅಂತ ನಾನು ಅವನಿಗೆ ಹೇಳೇ ಇಲ್ಲವಲ್ಲ! ಅವನು ಇನ್ನೂ ಆ ಮೊದಲನೇ ಟ್ಯಾಕ್ಸಿಯಲ್ಲೇ ಕೂತಿದ್ದಾನೆ, ನಾನು ಕರೀಲಿ ಅಂತ ಕಾಯ್ತಾ. ಸೇತುವೆ ಪಕ್ಕಾನೇ ಟ್ಯಾಕ್ಸಿ ನಿಲ್ಲಿಸಿ ಇಳಿದುಬಿಟ್ಟೆ.

ಮನಸ್ಸಲ್ಲಿ ಹೇಳ್ಕೊಂಡ್ರೆ ಸಾಲದಾ ಅಂತ ಕೇಳಬೇಡ ಅಜ್ಜೀ, ನೀನಂತೂ ಕೇಳಲ್ಲ. ಹೆಣ್ಣು ಕೇಳೋಕೆ ಹೋದವರು ಗೇಟಿನ ಹತ್ರ ನಿಂತು ಕುಲದ ಹೆಸರು ಕೂಗದೆ, ಮನಸ್ಸಲ್ಲೇ ಕೇಳ್ಕೊಂಡು ವಾಪಸ್ ಬಂದ್ರೆ ಯಾವನಾದ್ರೂ ಮಗಳನ್ನ ಕೊಡ್ತಾನೇನೋ ಅಂತ ನೀನೇ ನಗ್ತಿದ್ದೆ. ನನಗೂ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡೆ.

ನಾನು ಮೊದಲ ಸಲ ಜೋಹಾನ್ಸ್‌ಬರ್ಗಿಗೆ ಹೋದ ದಿನ ನೆನಪಾಗ್ತಿದೆ. ಆ ಜನಜಂಗುಳಿಯಲ್ಲಿ ಅಣ್ಣ ಒಂದು ಕಲ್ಲು ಹತ್ತಿ ನಿಂತು ನನ್ನ ಹೆಸರು ಕೂಗಿ ಕೂಗಿ ಕರೆದಿದ್ದ. ಅಂಗಡಿಯವರೆಲ್ಲಾ ತಿರುಗಿ ನೋಡಿದ್ರು. "ನೋಡ್ಕೊಳ್ರೋ, ಇವನು ನನ್ನ ತಮ್ಮ! ಇವನ ತಂಟೆಗೆ ಬಂದ್ರೆ ಹುಷಾರ್!" ಅಂದ. ನಾನು ನಾಚ್ಕೊಂಡು, "ಸಾಕು ಸುಮ್ನಿರೋ, ಮಾನ ತೆಗೀಬೇಡ" ಅಂದಿದ್ದೆ. ಅದಕ್ಕವನು, "ಕೂಗದೇ ಇದ್ರೆ ನಾನಿಲ್ಲಿದ್ದೀನಿ ಅಂತ ನಿನಗೆ ಹೇಗೋ ಗೊತ್ತಾಗೋದು, ಕತ್ತೆ?" ಅಂದ. ಅಂಥವನಿಗೆ ನಾನು ಮೂರು ಹುಡುಗೀರ ನಗುವಿಗೆ ಹೆದರಿ "ಇಳಿ ಅಣ್ಣಾ" ಅಂತ ಎರಡು ಮಾತು ಹೇಳಲಿಲ್ಲ.

ಆ ಮೊದಲನೇ ಟ್ಯಾಕ್ಸಿ ಡ್ರೈವರ್, ಲೇಡಿಸ್ಮಿತ್ ಸ್ಟ್ಯಾಂಡಲ್ಲಿ ಜನ ತುಂಬಿದ ಮೇಲೇ ಜೋಹಾನ್ಸ್‌ಬರ್ಗಿಗೆ ವಾಪಸ್ ಹೊರಡೋದು, ನಾಲ್ಕು ಗಂಟೆ ಆಗತ್ತೆ ಅಂತ ಯಾರಿಗೋ ಹೇಳ್ತಿದ್ದ. ಅಷ್ಟರಲ್ಲಿ ಮುಟ್ಟಬೇಕು. ಮುಟ್ಟದೇ ಹೋದ್ರೆ ಅವನು ಮತ್ತೆ ಆ ಊರಿಗೇ ಹೋಗ್ತಾನೆ, ಈ ಸಲ ಎಲ್ಲಿ ಇಳೀಬೇಕು ಅಂತಾನೂ ಗೊತ್ತಿಲ್ಲದೆ. ಅಗೋ, ಒಂದು ಬಿಳಿ ಟ್ಯಾಕ್ಸಿ ಬರ್ತಿದೆ. ನಿಲ್ಲಿಸಿದ! ಬೈಬೇಡ ಅಜ್ಜೀ, ಬೈಯೋದೇ ಆದ್ರೆ ನಾಳೆ ಎದುರಿಗೆ ಕೂರಿಸ್ಕೊಂಡು ಬೈ. ನಿನ್ನ ಪಾದಕ್ಕೆ ಬಿದ್ದೆ ಅಂತ ತಿಳ್ಕೋ.

ನಿನ್ನ ಮೊಮ್ಮಗ,
ಲ್ವಾಜಿ

ಮತ್ತೆ ನಾನೇ, ಟ್ಯಾಕ್ಸಿ ಒಳಗಿಂದ. ಮುಖ್ಯವಾದದ್ದೇ ಬಿಟ್ಟೆ. ಅವನನ್ನ ಬರಮಾಡ್ಕೊಳ್ಳೋಕೆ ಅಂತ ಇಟ್ಟಿರೋ ಆಡು ಈಗ್ಲೇ ಕಡೀಬೇಡಿ. ನಾನು ಬರೋದು ತಡ ಅಂತ ಹಿರಿಯರ ಮೂಲೆಗೆ ಹೋಗಿ "ಬಂದ್ಯಾ ಮಗನೇ" ಅಂತ ಹೇಳಿಬಿಡಬೇಡ. ಬರದವನಿಗೆ ಬಂದ್ಯಾ ಅಂದ್ರೆ ಆ ಮಾತು ಖಾಲಿ ಹೋಗತ್ತೆ, ಅವನು ನಿಜವಾಗ್ಲೂ ಬಂದಾಗ ಏನಂತೀಯ? ಐದು ಗಂಟೆಗೆ ನನಗೆ ಫೋನ್ ಮಾಡು. ನಾನು ಎತ್ತಿ ಹಲೋ ಅಂದ್ರೆ, ಅವನು ಸಿಗಲಿಲ್ಲ ಅಂತ. ರಿಂಗ್ ಆಗ್ತಾನೇ ಇದ್ದು ನಾನು ಎತ್ತಲೇ ಇಲ್ಲ ಅಂದ್ರೆ, ಒಲೆ ಹಚ್ಚು. ಐದಕ್ಕೆ ಸರಿಯಾಗಿ ಮಾಡು ಅಜ್ಜೀ.