ಹಿತ್ತಿಲಿಗೆ ಬಂದ ಸ್ಥಾಪಕರು

ಬೆಳಕವಾಡಿ
9 ಫೆಬ್ರವರಿ 2025

ಗಗನಳ ಅಪ್ಪನಿಗೆ ಕುಸುಮಳ ನಮಸ್ಕಾರ.

ಫೋನ್ ಮಾಡಬಹುದಿತ್ತು. ಮಾಡಿದರೆ ಎರಡನೇ ಮಾತಿಗೇ ನೀವು ರೇಗುತ್ತೀರಿ, ಮೂರನೆಯದಕ್ಕೆ ನಾನು ಕಟ್ ಮಾಡುತ್ತೇನೆ. ಅದಕ್ಕೇ ನಿಮ್ಮ ತೋಟದ ಆಳು ಮರಿಯಯ್ಯನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ವಿಷಯ ನಿಮ್ಮ ಎತ್ತುಗಳದ್ದು. ಬೇರೇನೂ ಇಲ್ಲ ಎಂದುಕೊಂಡೇ ಓದಿ.

ನಿನ್ನೆ ಸಂಜೆ ನಮ್ಮ ಶಾಲೆಯ ಎಪ್ಪತ್ತೈದನೇ ವರ್ಷದ ರೂಪಕ ಆಟದ ಮೈದಾನದಲ್ಲಿ ನಡೆಯಿತು. ಶಾಲೆ ಕಟ್ಟಿದ ಕೆಂಪಸಿದ್ದಯ್ಯ ಮೇಷ್ಟ್ರು ಕಪ್ಪು ಹಲಗೆ ಹೇರಿಕೊಂಡು ಮಳವಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬಂದಿಳಿಯುವುದೇ ಮೊದಲ ದೃಶ್ಯ. ಆ ಪಾತ್ರ ನಮ್ಮ ಡ್ರಾಯಿಂಗ್ ಮೇಷ್ಟ್ರು ಝುಬೇರ್ ಅವರದ್ದು. ಪೇಟ, ಕರಿಕೋಟು, ಅಂಟಿಸಿದ ಮೀಸೆ. ಗಾಡಿ, ಎತ್ತು ನಿಮ್ಮವು. ಕಮಿಟಿಯವರು ಕೇಳಿದ ಕೂಡಲೇ ಕೊಟ್ಟಿರಂತೆ. ನೀವು ಮಾತ್ರ ಬರಲಿಲ್ಲ, ಗಾಡಿ ಹೊಡೆಯಲು ಮರಿಯಯ್ಯನನ್ನು ಕಳಿಸಿದಿರಿ.

ಮೈಕಿನಲ್ಲಿ ಕಥೆ ಓದುತ್ತಿದ್ದವಳು ನಾನು. ಹೊತ್ತು ಮುಳುಗುತ್ತಿತ್ತು. ಅಗೋ ಮೇಷ್ಟ್ರು ಬಂದರು ಎಂದೆ. ಗಾಡಿ ಗೇಟಿನೊಳಗೆ ಬಂತು, ಜನ ಚಪ್ಪಾಳೆ ತಟ್ಟಿದರು. ಸ್ಲೇಟು ಹಿಡಿದು ಕೂತಿದ್ದ ಮಕ್ಕಳ ಮುಂದೆ ಎತ್ತುಗಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೈದಾನ ದಾಟಿ, ಹಿಂದಿನ ಗೇಟಿನಿಂದ ಆಚೆ ನಡೆದೇಬಿಟ್ಟವು. ಮರಿಯಯ್ಯ ಹಗ್ಗ ಜಗ್ಗಿದ್ದೇ ಬಂತು. ಝುಬೇರ್ ಒಂದು ಕೈಯಲ್ಲಿ ಮೀಸೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಜನರಿಗೆ ಕೈ ಬೀಸುತ್ತಲೇ ಹೋದರು. ಶಾಲೆ ಶುರುವಾಗುವ ಮೊದಲೇ ಸ್ಥಾಪಕರು ಊರು ಬಿಟ್ಟ ಹಾಗಾಯಿತು. ಮಂಡ್ಯದ ಹಾಸ್ಟೆಲಿನಿಂದ ಬಂದಿದ್ದ ಗಗನಳಿಗೆ ಮೈಕ್ ಕೊಟ್ಟು, ಮಕ್ಕಳ ಕೈಲಿ ಮಗ್ಗಿ ಹೇಳಿಸುತ್ತಿರು ಎಂದು ಸೆರಗು ಸಿಕ್ಕಿಸಿಕೊಂಡು ಓಡಿದೆ.

ಗಾಡಿ ನಮ್ಮ ಮನೆಯ ಹಿತ್ತಿಲಲ್ಲಿತ್ತು. ಎರಡೂ ಎತ್ತುಗಳು ದನಕ್ಕಿಡುವ ಕಲಗಚ್ಚಿನ ಬಾನಿಗೆ ಮೂತಿ ಇಟ್ಟಿದ್ದವು. ಪಕ್ಕದ ಮನೆಯ ಸಣ್ಣತಾಯಮ್ಮ ಗೋಡೆಯಾಚೆಯಿಂದ ನಗುತ್ತಾ, "ಇವು ಬ್ಯಾರೆ ಎಲ್ಗೋದಾವು ಕಣಮ್ಮ? ದಿನಾ ಒತ್ತು ಮುಳುಗೋ ಒತ್ಗೆ ನಿನ್ ಗಂಡ ಗಾಡಿ ತಂದು ಇಲ್ಲೇ ಅಲ್ವಾ ನಿಲ್ಸದು! ನೀನು ಬಂದು ಲೈಟ್ ಆಕೋಗಂಟ ಕುಂತಿದ್ದು ಓಯ್ತನೆ. ನಿಂಗೊತ್ತಿಲ್ವಾ?" ಎಂದಳು. ನಾನು ಬಾಯಿ ಬಿಟ್ಟು ನಿಂತೆ. ಮರಿಯಯ್ಯ ನೆಲ ನೋಡಿದ. ಪಾಪ ಝುಬೇರ್, ಇಳಿಯಲೋ ಬೇಡವೋ ಎಂದು ಕೇಳಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

ರೂಪಕವೇನೂ ಹಾಳಾಗಲಿಲ್ಲ. ಕಮಿಟಿಯ ಹೊನ್ನಯ್ಯನವರ ಸ್ಕೂಟರಿನ ಹಿಂದೆ ಹಲಗೆ ತಬ್ಬಿಕೊಂಡು ಮೇಷ್ಟ್ರು ಬಂದಿಳಿದಾಗ ಮೊದಲಿಗಿಂತ ಜೋರು ಚಪ್ಪಾಳೆ. ಆ ಕಾಲದಲ್ಲಿ ಬೆಳಕವಾಡಿಯಲ್ಲಿ ಸ್ಕೂಟರ್ ಎಲ್ಲಿತ್ತು ಎಂದು ಕಮಿಟಿ ಅಧ್ಯಕ್ಷರು ಇನ್ನೂ ಗೊಣಗುತ್ತಿದ್ದಾರೆ.

ಕಾರ್ತೀಕದಲ್ಲಿ ಮಾವನವರ ತಿಥಿಯ ದಿನ, ಇದೇ ರೂಪಕದ ಮೀಟಿಂಗ್ ಎಂದು ಹೋಗಿ, ಎಡೆ ಇಟ್ಟಾದ ಮೇಲೆ ನಾನು ಮನೆಗೆ ಬಂದದ್ದು ತಪ್ಪು. ನೆಂಟರೆದುರು ನೀವು "ಸ್ಕೂಲೇ ನಿನ್ ಮನೆ, ಅಲ್ಲೇ ಇರೋಗು" ಅಂದದ್ದೂ ತಪ್ಪೇ. ಅವತ್ತು ಎತ್ತು ಹೊಡೆದುಕೊಂಡು ತೋಟದ ಮನೆಗೆ ಹೋದವರು ಮತ್ತೆ ಬಾಗಿಲಿಗೆ ಬರಲಿಲ್ಲ, ಹಿತ್ತಿಲಿಗೆ ಬಂದಿರಿ. ಒಂದು ಸಲ ಕೆಮ್ಮಿದ್ದರೂ ಸಾಕಿತ್ತಲ್ಲ ರೀ. ನನಗೂ ಈ ಮನೆಯಲ್ಲಿ ಒಬ್ಬಳೇ ಉಣ್ಣುವುದು ಬೇಜಾರು.

ಎತ್ತುಗಳು ಇಲ್ಲೇ ಇವೆ. ಮರಿಯಯ್ಯ ಹೊಡೆದುಕೊಂಡು ಹೋಗುತ್ತೇನೆಂದ, ನಾನೇ ಬಿಡಲಿಲ್ಲ. ನೀವೇ ಬನ್ನಿ. ಮುಂಬಾಗಿಲಿಂದ ಬನ್ನಿ.

ಇಂತಿ,
ಸ್ಕೂಲನ್ನೇ ಮನೆ ಮಾಡಿಕೊಂಡವಳು,
ಕುಸುಮ

ವಿ.ಸೂ.: ನಾನು ಬಾಯಿ ಬಿಟ್ಟು ನಿಂತದ್ದು ಸಣ್ಣತಾಯಮ್ಮನಿಗೆ ಕಾಣಲೆಂದು, ಅಷ್ಟೇ. ನೀವು ಎತ್ತು ಹೊಡೆದುಕೊಂಡು ಹೋದ ಮೇಲೆ ಈ ಮನೆಯಲ್ಲಿ ಒಂದು ಕರುವೂ ಇಲ್ಲ. ಆದರೂ ದಿನಾ ಆ ಬಾನಿ ತುಂಬಿರುತ್ತಿತ್ತಲ್ಲ, ಯಾರು ತುಂಬಿಸಿಡುತ್ತಿದ್ದರು ಎಂದುಕೊಂಡಿದ್ದಿರಿ?