ಟಗರಿನ ಹೊಟ್ಟೆಕಟ್ಟು

ಅರ್‌ಖಾಂಗೈ
೧೭ ನವೆಂಬರ್ ೧೯೯೬

ಪ್ರೀತಿಯ ಮಗಳು ಖೊಂಗೊರ್‌ಗೆ,

ನಿನ್ನ ಮೂರು ಪತ್ರಗಳಿಗೆ ಇದೊಂದೇ ಉತ್ತರ. ತಡವಾಯಿತು, ಬೇಸರಿಸಬೇಡ. ನೀನೂ ಅಳಿಯಂದಿರೂ ಪಟ್ಟಣದ ಚಳಿಗೆ ಒಗ್ಗಿಕೊಂಡಿದ್ದೀರೆಂದು ನಂಬಿದ್ದೇನೆ. ಅಮ್ಮ ಒಂದು ಚೀಲ ಒಣಮೊಸರು ಕಳಿಸುತ್ತಿದ್ದಾಳೆ. ಈ ಸಲದ್ದು ಕಲ್ಲಿನ ಹಾಗಿದೆ, ಹಲ್ಲು ಜೋಪಾನ.

ನಿನ್ನ ಅತ್ತೆಯ ಕುರಿಗಳ ವಿಷಯ ನೀನು ಕೇಳಿದ್ದೀಯ. ಬೇರೆಯವರಿಂದ ಅರ್ಧಂಬರ್ಧ ಕೇಳುವ ಬದಲು ನನ್ನಿಂದಲೇ ಕೇಳು. ನೂರನಲವತ್ತರಲ್ಲಿ ಐವತ್ತೆರಡು ಉಳಿದಿವೆ. ನಿಮ್ಮ ಮದುವೆಗೆ ಉಡುಗೊರೆ ಬಂದ ಕುರಿಗಳಲ್ಲಿ ಒಂದೂ ಇಲ್ಲ.

ಕಜ್ಜಿಯಿಂದ ಶುರುವಾಯಿತು. ಮಂದೆಗಳೆಲ್ಲ ಸರ್ಕಾರದ ಸಾಮೂಹಿಕ ಸಂಘಕ್ಕೆ ಸೇರಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ, ಚಳಿ ಬೀಳುವ ಮುಂಚೆ, ಎಲ್ಲ ಕುರಿಗಳನ್ನೂ ಔಷಧಿ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ೧೯೬೮ರಲ್ಲಿ ನಾನೇ ಕವೆಗೋಲು ಹಿಡಿದು ಕುರಿಗಳ ತಲೆ ಅದ್ದಿದ್ದೇನೆ. ಸಂಘ ಒಡೆದ ಮರುವರ್ಷವೇ ತೊಟ್ಟಿಯ ತಗಡು ಹೋಯಿತು, ಬಾಗಿಲು ಹೋಯಿತು, ಕೊನೆಗೆ ಇಟ್ಟಿಗೆಯೂ ಹೋಯಿತು. ಹೊತ್ತೊಯ್ದವರ ಹೆಸರು ಹೆಸರಾಗಿ ಗೊತ್ತು. ಸ್ವಾತಂತ್ರ್ಯ ಬಂತೆಂದು ಕುಣಿದವರೇ ಅವರು.

ಅಕ್ಟೋಬರಿನಲ್ಲಿ ನಿನ್ನ ಅತ್ತೆ ದುಲಮ್‌ಜಾವ್‌ಳ ಕುರಿಗಳ ಉಣ್ಣೆ ಚಿಂದಿಚಿಂದಿಯಾಗಿ ನೇತಾಡತೊಡಗಿತು. ಕೆರೆದು ಕೆರೆದು ಮೈಯೆಲ್ಲ ರಸಿಗೆ. ನೆರೆಯ ಚೊಯ್ಜಿಲ್ ಅವಳದೇ ಗುಡಾರದಲ್ಲಿ ಕೂತು ಅವಳದೇ ಚಹಾ ಕುಡಿಯುತ್ತ, "ಅಕ್ಕಾ, ನಿನ್ ಕುರಿ ತಾವೇ ಬಟ್ಟೆ ಬಿಚ್ಕೊಳ್ತಿವೆ. ಕತ್ತರಿ ಕೆಲ್ಸ ಉಳೀತು ಬಿಡು," ಎಂದ.

ಚಳಿಗಾಲದ ಕಲ್ಲುದೊಡ್ಡಿ ನಮ್ಮ ಐದು ಮನೆಗಳಿಗೂ ಸೇರಿದ್ದು. ಕಜ್ಜಿಯ ಮಂದೆಯನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಸಭೆ ಸೇರಿದೆವು. ಹೊಸದಾಗಿ ಬಂದಿರುವ ಪಶುವೈದ್ಯೆ ಸುಮ್ಯಾ ಎದ್ದು ನನ್ನ ಕಡೆ ಕೈ ತೋರಿಸಿದಳು. ಚಿಕ್ಕ ಹುಡುಗಿ, ಆದರೆ ಓದಿದವಳು.

"ಇದು ಎಲ್ಲಿಂದ ಬಂತು ಅಂತ ಮೊದ್ಲು ಗೊತ್ತಾಗ್ಲಿ. ಮೇಷ್ಟ್ರು ಕೊಟ್ಟ ಟಗರಿನ ಹೊಟ್ಟೆಕಟ್ಟು ಬಿಚ್ಚಿ ನೋಡೋಣ. ಕಜ್ಜಿ ನುಸಿ ತೊಡೆಸಂದೀಲೇ ಅಡಗಿರುತ್ತೆ."

"ಮದ್ವೆ ಆಗ್ದಿರೋ ಹುಡ್ಗಿ. ಟಗರಿನ ತೊಡೆಸಂದಿ ನೋಡೋ ಆಸೆ ನೋಡಿ," ಎಂದ ಚೊಯ್ಜಿಲ್. ಎಲ್ಲರೂ ನಕ್ಕರು.

ಅತ್ತೆಯ ಟಗರನ್ನು ಆಗಸ್ಟಿನಲ್ಲಿ ತೋಳ ಹಿಡಿದಿತ್ತು. ಹಾಗಾಗಿ ನಮ್ಮದನ್ನು ಕೊಟ್ಟಿದ್ದೆ, ಹೊತ್ತಲ್ಲದ ಹೊತ್ತಲ್ಲಿ ಕುರಿ ಹತ್ತದಂತೆ ಹೊಟ್ಟೆಗೆ ಕಟ್ಟಿದ ಉಣ್ಣೆಬಟ್ಟೆಯ ಸಮೇತ. ಟಗರು ಬಿಡುವ ಶುಭದಿನ ಇನ್ನೂ ಬಂದಿರಲಿಲ್ಲ.

"ದಿನ ಬರೋ ಮುಂಚೆ ಕಟ್ಟು ಬಿಚ್ಚಿದ್ರೆ ಮರಿ ನಿಲ್ಲಲ್ಲ. ಹಿರಿಯರು ಸುಮ್ನೆ ಹೇಳಿಲ್ಲ," ಎಂದೆ. ನಗಬೇಡ ಮಗಳೇ. ಲಾಮಾಗಳ ಪಂಚಾಂಗವನ್ನು ಮೂವತ್ತು ವರ್ಷ ತರಗತಿಯಲ್ಲಿ ಗೇಲಿ ಮಾಡಿದವನು ನಾನೇ. ವಯಸ್ಸಾದಂತೆ ಹಳೆಯ ಮಾತಿಗೂ ಅರ್ಥವಿದೆ ಅನ್ನಿಸುತ್ತದೆ.

ಎಲ್ಲರೂ ನಿನ್ನ ಅತ್ತೆಯ ಕಡೆ ನೋಡಿದರು. ಅವಳು ನನ್ನನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದಳು. ಆಮೇಲೆ, "ಮೇಷ್ಟ್ರು ಓದಿದವ್ರು. ಅವ್ರು ಹೇಳಿದ್ದೇ ಸರಿ ಇರ್ಬೇಕು," ಎಂದಳು. ಟಗರನ್ನು ನೋಡುವುದು ಬೇಡವೆಂದ ಮೇಲೆ, ಕಜ್ಜಿ ತನ್ನ ಮಂದೆಯದೇ ಎಂದು ಒಪ್ಪಿಕೊಂಡ ಹಾಗೇ ಆಯಿತು. ಅವಳ ಮಂದೆಯನ್ನು ಔಷಧಿಯಲ್ಲಿ ತೊಳೆದು, ತೊಳೆದ ದಿನವೇ ನದಿಯಾಚೆ ಕಳಿಸಬೇಕೆಂದು ತೀರ್ಮಾನವಾಯಿತು. ಬರೆದವನು ನಾನು. ಅವಳೂ ಸಹಿ ಹಾಕಿದಳು.

ಅಕ್ಟೋಬರ್ ಮೂವತ್ತು. ಗುಂಡಿ ತೋಡಿ, ಟಾರ್ಪಾಲು ಹಾಸಿ, ಔಷಧಿ ಕಲಸಿ ಒಂದೊಂದನ್ನೇ ಅದ್ದಿದೆವು. ಸೂರ್ಯ ಇಳಿಯುತ್ತಿದ್ದಂತೆ ಉತ್ತರದ ಗಾಳಿ ಎದ್ದಿತು.

"ಉಣ್ಣೆ ಒಣಗೋ ತನಕ ದೊಡ್ಡಿ ಗೋಡೆ ಮರೇಲಿ ನಿಲ್ಲಿಸ್ಕೊಳ್ತೀನಿ ಬೀಗರೇ. ಒಳಗೆ ಬೇಡ, ಹೊರಗೇ," ಎಂದಳು ನಿನ್ನ ಅತ್ತೆ.

"ಬರೆದದ್ದು ಬರೆದ ಹಾಗೇ ನಡೀಬೇಕು," ಎಂದೆ.

ಬೆಳಿಗ್ಗೆ ನದಿಯಾಚೆ ಹೋಗಿ ನೋಡಿದರೆ ಕುರಿಗಳು ನಿಂತೇ ಇದ್ದವು. ಒದ್ದೆ ಉಣ್ಣೆ ಒಂದಕ್ಕೊಂದು ಹೆಪ್ಪುಗಟ್ಟಿ, ಬದುಕಿದ್ದವು ಸತ್ತವುಗಳಿಗೆ ಅಂಟಿಕೊಂಡಿದ್ದವು. ಹಾರೆಯಲ್ಲಿ ಬಿಡಿಸಬೇಕಾಯಿತು. ಬಿಡಿಸುವಾಗ ಚರ್ಮವೂ ಕಿತ್ತುಬಂತು. ನಿನ್ನ ಅತ್ತೆ ಅಳಲಿಲ್ಲ. ಉಳಿದವನ್ನು ಅಟ್ಟಿಕೊಂಡು ನದಿಯಾಚೆಯೇ ಇನ್ನೂ ಮುಂದಕ್ಕೆ ಹೊರಟಳು. ಈಗ ಅಲ್ಲೇ ಒಬ್ಬಳೇ ಇದ್ದಾಳೆ. ತೊಟ್ಟಿ ಉಳಿಸಿಕೊಳ್ಳಲಾರದ ಈ ಸರ್ಕಾರಕ್ಕೆ ನಾಲ್ಕು ಪುಟದ ದೂರು ಬರೆದಿದ್ದೇನೆ. ಉತ್ತರ ಬರುವುದಿಲ್ಲವೆಂದು ಗೊತ್ತು.

ನಿಮ್ಮ ಒಲೆ ಆರದಿರಲಿ, ನಿಮ್ಮ ಹೊಸ್ತಿಲು ದಾಟುವವರೆಲ್ಲ ಒಳ್ಳೆಯ ಸುದ್ದಿಯನ್ನೇ ತರಲಿ.

ನಿನ್ನ ಅಪ್ಪ,
ಯೊಂದೊನ್

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ನಮ್ಮ ಮಂದೆಗೂ ಕಜ್ಜಿ ಬಂದಿತ್ತು. ಯಾರಿಗೂ ಹೇಳದೆ ಪೇಟೆಯಿಂದ ಸೂಜಿಮದ್ದು ತರಿಸಿದೆ. ಮದ್ದು ಸಾಲದೆ ಟಗರಿಗೆ ಮಾತ್ರ ಚುಚ್ಚಲಾಗಲಿಲ್ಲ; ಆಮೇಲೆ ನಿನ್ನ ಅತ್ತೆಗೆ ಕೊಟ್ಟದ್ದು ಅದನ್ನೇ. ಸಭೆಯ ದಿನ ಬೆಳಿಗ್ಗೆ ನಿನ್ನ ಅತ್ತೆಯ ದೊಡ್ಡಿಗೆ ಹೋಗಿ ಅದರ ಹೊಟ್ಟೆಕಟ್ಟು ಬಿಚ್ಚಿ ನೋಡಿದೆ. ತೊಡೆಸಂದಿನ ತುಂಬ ಹಳೆಯ ಹಕ್ಕಳೆ. ಮತ್ತೆ ಕಟ್ಟಿ ತಿರುಗಿದರೆ ಸಗಣಿ ಬುಟ್ಟಿ ಹಿಡಿದು ಅವಳು ನಿಂತಿದ್ದಳು. "ನಮ್ ಮಕ್ಳು ಒಟ್ಟಿಗೆ ಬಾಳ್ಬೇಕು ಬೀಗರೇ. ಸಭೇಲಿ ನಾನು ಹೇಳಿದ್ರೆ ಚೆನ್ನಾಗಿರಲ್ಲ, ನೀವೇ ಹೇಳ್ಬಿಡಿ," ಎಂದಳು. ಸಭೆ ಮುಗಿಯುವವರೆಗೂ ಅವಳು ಅದಕ್ಕೇ ಕಾದು ಕೂತಿದ್ದಳು.

ಅಳಿಯಂದಿರು ಪತ್ರ ಕೇಳಿದರೆ ಮೊದಲಿನ ಹಾಳೆಗಳನ್ನಷ್ಟೇ ಕೊಡು.